ನಡುವೆ ಗೆರೆಯಿರುವ ಡೊಮೇನ್ ಹೆಸರು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಅಕ್ಕನೊಬ್ಬರಿಗೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅದರ ಡೊಮೇನ್ ಹೆಸರಿಗೆ, ಅಂದರೆ ತಾಣದ ವಿಳಾಸಕ್ಕೆ, ಅವರು ಬಯಸಿದ್ದು ಎರಡು ಕನ್ನಡ ಪದ ಸೇರಿದ ಹೆಸರು. ಡಾಟ್ ಕಾಮ್‌ನಲ್ಲಿ ಅದು ಆಗಲೇ ಬೇರೆಯವರ ಕೈಯಲ್ಲಿತ್ತು. ಎರಡು ಪದಗಳ ನಡುವೆ ಒಂದು ಅಡ್ಡಗೆರೆ ಹಾಕಿ ಹುಡುಕಿದರೆ ಖಾಲಿ ಇತ್ತು. ತಗೊಂಡೆವು. ಮುಂದೊಂದು ಮಧ್ಯಾಹ್ನ ಅವರ ಅಂಗಡಿಯಲ್ಲಿ ಕೂತಿದ್ದಾಗ ಪುಣೆಯಿಂದ ಫೋನ್ ಬಂತು. “ಬರಕೊಳ್ರಿ… ನಡುವ ಒಂದು ಸಣ್ಣ ಗೀಟು ಹಾಕ್ರಿ. ಹ್ಞಾಂ, ಗೀಟು. ತಳಕ್ಕ ಅಲ್ರೀ, ನಡುವ. ಮೈನಸ್ ಇರತೈತಲ್ರಿ, ಅದು.” ಆ ಕಡೆಯವರು ಮತ್ತೇನೋ ಕೇಳಿದರು. “ಇರ್ಲಿ ಬಿಡ್ರಿ, ವಾಟ್ಸಾಪಿಗೆ ಕಳಸ್ತೀನಿ” ಎಂದು ಅಕ್ಕ ಫೋನ್ ಇಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಮದುವೆಮನೆಯ ದೊಡ್ಡ ಆರ್ಡರೊಂದರ ಇಮೇಲ್, ಗೀಟು ಬಿಟ್ಟುಹೋಗಿ, ಗೆರೆಯಿಲ್ಲದ ಹೆಸರಿನ ಮಾಲೀಕರಿಗೆ ಹೋಗಿ ಬಿದ್ದಿತ್ತು. ಹತ್ತು ದಿನ ಕಳೆದು ಆ ಮನೆಯವರೇ “ಉತ್ತರಾನ ಕೊಡಲಿಲ್ಲಲ್ಲರೀ” ಎಂದು ಫೋನ್ ಮಾಡಿದಾಗ ವಿಷಯ ತಿಳಿಯಿತು. ಆ ಹೆಸರನ್ನು ಸೂಚಿಸಿದವನು ನಾನೇ. ಅಂದಿನಿಂದ ಈ ಸಣ್ಣ ಗೆರೆಯ ವಿಷಯದಲ್ಲಿ ನನಗೆ ಸಲೀಸಾಗಿ ಮಾತಾಡಲು ಆಗುವುದಿಲ್ಲ.

ಅದೇ ಹೊತ್ತಿಗೆ ಡೊಮೇನ್ ಮರುಮಾರಾಟದ ಪಟ್ಟಿಗಳನ್ನು ತೆರೆದು ನೋಡಿದರೆ ಬೇರೆಯದೇ ಚಿತ್ರ. ಒಂದಕ್ಷರ, ಗೆರೆ, ಇನ್ನೊಂದಕ್ಷರ, ಡಾಟ್ ಕಾಮ್. ಇಷ್ಟಕ್ಕೆ ಲಕ್ಷಗಟ್ಟಲೆ ರೂಪಾಯಿ ಕೇಳುತ್ತಾರೆ. ಹೊಸದಾಗಿ ನೋಂದಾಯಿಸಿದರೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಬೀಳುವ ವಸ್ತು ಅದು. ರೊಟ್ಟಿ ಅಂಗಡಿಗೆ ಹೊರೆಯಾದ ಗೀಟು ಅಲ್ಲಿ ಹೇಗೆ ಚಿನ್ನವಾಯಿತು? ಹೆಸರು ಕೊಳ್ಳಲು ಹೊರಟವರು ಇದನ್ನು ಮೊದಲು ಬಿಡಿಸಿಕೊಳ್ಳಬೇಕು. ನಾನು ಕಂಡುಕೊಂಡದ್ದು ಇಷ್ಟು: ಗೆರೆ ಆ ಹೆಸರಿನ ಜೊತೆಗೇ ಹುಟ್ಟಿದ್ದರೆ ಅದಕ್ಕೆ ಬೆಲೆಯಿದೆ. ಬೇಕಾದ ಹೆಸರು ಸಿಗಲಿಲ್ಲವೆಂದು ಆಮೇಲೆ ತುರುಕಿದ ಗೆರೆಯಾದರೆ, ಅದಕ್ಕೆ ಸುರಿದ ದುಡ್ಡಿನ ಒಂದು ಪಾಲು ಗೆರೆಯಿಲ್ಲದ ಹೆಸರಿನವರಿಗೇ ಹೋಗುತ್ತದೆ.

ಅಷ್ಟು ಬೆಲೆ ಯಾಕೆ ಕೇಳುತ್ತಾರೆ

ಮೊದಲು ಲೆಕ್ಕ. ಡೊಮೇನ್ ಹೆಸರಿನಲ್ಲಿ ಬಳಸಲು ಬರುವುದು ಇಂಗ್ಲಿಷಿನ 26 ಅಕ್ಷರ, 10 ಅಂಕಿ, ಜೊತೆಗೆ ಅಡ್ಡಗೆರೆ. ಗೆರೆ ಹೆಸರಿನ ಮೊದಲಲ್ಲೂ ಬರುವಂತಿಲ್ಲ, ಕೊನೆಯಲ್ಲೂ ಬರುವಂತಿಲ್ಲ. ಚುಕ್ಕಿಯ ಎಡಗಡೆಯ ಭಾಗ 63 ಅಕ್ಷರ ಮೀರುವಂತಿಲ್ಲ. ಅಂಡರ್‌ಸ್ಕೋರಿಗೆ, ಅಂದರೆ ತಳಗೆರೆಗೆ, ಇಲ್ಲಿ ಜಾಗವೇ ಇಲ್ಲ. ಈ ಚೌಕಟ್ಟಿನೊಳಗೆ ಚಿಕ್ಕ ಹೆಸರುಗಳು ಎಣಿಸಿದಷ್ಟೇ ಇರುತ್ತವೆ. ಒಂದೇ ಅಕ್ಷರದ ಡಾಟ್ ಕಾಮ್ ಬಳಕೆಯಲ್ಲಿರುವುದು ಮೂರು: ಕ್ಯೂ, ಎಕ್ಸ್, ಝಡ್. ಎರಡು ಅಕ್ಷರದವು 26ನ್ನು 26ರಿಂದ ಗುಣಿಸಿದಷ್ಟು, ಅಂದರೆ 676. ಮೂರಕ್ಷರದವು 17,576. ಇವೆಲ್ಲ ಯಾವತ್ತೋ ಮಾಲೀಕರನ್ನು ಕಂಡಿವೆ. ನಾಲ್ಕಕ್ಷರದ 4,56,976 ಹೆಸರುಗಳೂ ಡಾಟ್ ಕಾಮ್‌ನಲ್ಲಿ ಮುಗಿದುಹೋಗಿ ವರ್ಷಗಳಾದವು.

ಈ ಸಾಲಿನ ತುದಿಯಲ್ಲಿ ಇರುವವರು ಎಂಥವರು ನೋಡಿ. ಎಫ್ ಮತ್ತು ಬಿ ಎಂಬ ಎರಡೇ ಅಕ್ಷರದ ಡಾಟ್ ಕಾಮ್ ಹೆಸರಿಗಾಗಿ ಫೇಸ್‌ಬುಕ್ 2010ರಲ್ಲಿ ಅಮೆರಿಕದ ರೈತ ಒಕ್ಕೂಟವಾದ ಅಮೆರಿಕನ್ ಫಾರ್ಮ್ ಬ್ಯೂರೋಗೆ 85 ಲಕ್ಷ ಡಾಲರ್ ಕೊಟ್ಟಿತು. ಜಪಾನಿನ ಜಿಎಂಒ ಕಂಪನಿ 2014ರಲ್ಲಿ ನಿಸಾನ್ ಕಾರು ಕಂಪನಿಯ ಬಳಿಯಿದ್ದ ಝಡ್ ಡಾಟ್ ಕಾಮ್ ಹೆಸರನ್ನು 80 ಕೋಟಿ ಯೆನ್‌ಗೆ ಕೊಂಡಿತು. ಈ ಬೆಲೆಗೆ ಕೈ ಚಾಚಲಾಗದವರು ಪಕ್ಕದ ಬೀದಿ ನೋಡುತ್ತಾರೆ. ಅಕ್ಷರ, ಗೆರೆ, ಅಕ್ಷರ ಎಂಬ ಜೋಡಣೆ ಡಾಟ್ ಕಾಮ್‌ನಲ್ಲಿ ಕೂಡ 676ಕ್ಕೆ ಮುಗಿಯಿತು. ಅಂಕಿಗಳನ್ನೂ ಸೇರಿಸಿದರೆ 1,296. ಐದಕ್ಷರದ ಹೆಸರುಗಳು ಒಂದು ಕೋಟಿ ಹದಿನೆಂಟು ಲಕ್ಷ ದಾಟುತ್ತವೆ ಎಂಬುದನ್ನು ನೆನೆದರೆ, ಸಾವಿರದ ಚಿಲ್ಲರೆ ಎಂಬುದು ಎಷ್ಟು ಸಣ್ಣ ಮೊತ್ತ ಎಂದು ಗೊತ್ತಾಗುತ್ತದೆ. ಸೈಟುಗಳು ಮುಗಿದ ಬಡಾವಣೆಯಲ್ಲಿ ಮೂಲೆಯ ಅರ್ಧ ಸೈಟಿಗೂ ಬೆಲೆ ಬರುವ ಹಾಗೆ, ಗೆರೆಯ ಹೆಸರಿಗೂ ಬೆಲೆ ಬಂತು.

ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಟ್ಟಿಯಲ್ಲಿ ಕೇಳುವ ಬೆಲೆ ಬೇರೆ, ಕೈಬದಲಾದ ಬೆಲೆ ಬೇರೆ. ಮಾರುವವರಿಗೆ ಆ ಹೆಸರನ್ನು ಇಟ್ಟುಕೊಳ್ಳಲು ವರ್ಷಕ್ಕೆ ಸಾವಿರ ರೂಪಾಯಿ ಸಾಕು. ಡಾಟ್ ಕಾಮ್ ನಡೆಸುವ ವೆರಿಸೈನ್ ಸಂಸ್ಥೆ ನೋಂದಣಿದಾರ ಕಂಪನಿಗಳಿಂದ ಪಡೆಯುವ ಸಗಟು ದರ 2024ರ ಸೆಪ್ಟೆಂಬರಿನಲ್ಲಿ 10.26 ಡಾಲರ್ ಆಯಿತು. ಉಳಿದದ್ದು ಮಧ್ಯದವರ ಲಾಭ ಮತ್ತು ತೆರಿಗೆ. ಇಷ್ಟು ಕಡಿಮೆ ಖರ್ಚಿನಲ್ಲಿ ಹತ್ತು ವರ್ಷ ಕಾಯಬಹುದಾದರೆ ಮಾರುವವರಿಗೆ ಅವಸರ ಎಲ್ಲಿಯದು? ಜಗತ್ತಿನಲ್ಲಿ ಅದೇ ಎರಡಕ್ಷರದ ಹೆಸರಿನ ಒಂದು ಕಂಪನಿ ಬಂದರೆ ಸಾಕು. ಆ ಒಬ್ಬ ಗಿರಾಕಿಗಾಗಿ ಇಟ್ಟ ಬೆಲೆ ಅದು. ನೀವು ಆ ಗಿರಾಕಿ ಅಲ್ಲದಿದ್ದರೆ ಆ ಅಂಕಿಯನ್ನು ಮಾರುಕಟ್ಟೆ ದರ ಎಂದು ತಿಳಿಯಬೇಡಿ. ನಡೆದ ಮಾರಾಟಗಳನ್ನು ದಾಖಲಿಸುವ ನೇಮ್‌ಬಯೋ ಎಂಬ ತಾಣವಿದೆ. ಕೊಳ್ಳುವ ಮೊದಲು ಅಲ್ಲಿ ಅಡ್ಡಗೆರೆಯಿರುವ ಹೆಸರುಗಳನ್ನಷ್ಟೇ ಹುಡುಕಿ, ಪಟ್ಟಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಹೋಯಿತು ಎಂದು ತೋರಿಸಿ ಗೆರೆಯ ಹೆಸರಿಗೆ ಬೆಲೆ ಏರಿಸುವವರಿದ್ದಾರೆ. ಅದು ಗೆರೆಯಿಲ್ಲದ, ನಿಘಂಟಿನ, ಒಂದೇ ಪದದ ಹೆಸರು. ಗೆರೆಯ ಹೆಸರುಗಳು ಆ ಮೊತ್ತದ ಹತ್ತಿರ ಸುಳಿದಿಲ್ಲ.

ಎರಡನೆಯ ಕಾರಣ ಹಳೆಯದು. ಒಂದು ಕಾಲದಲ್ಲಿ ಜನ ಹುಡುಕುವ ಪದಗಳನ್ನೇ ಸಾಲಾಗಿ ಗೆರೆ ಹಾಕಿ ಜೋಡಿಸಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತಿತ್ತು. ಗೆರೆಯನ್ನು ಗೂಗಲ್ ಎರಡು ಪದಗಳ ನಡುವಿನ ಜಾಗ ಎಂದು ಓದುತ್ತದೆ. ಹಾಗಾಗಿ ಮೂರು ಗೆರೆ, ನಾಲ್ಕು ಗೆರೆಯ ಹೆಸರುಗಳು ರಾಶಿ ರಾಶಿ ಹುಟ್ಟಿಕೊಂಡವು. 2012ರ ಸೆಪ್ಟೆಂಬರ್ ಕೊನೆಯಲ್ಲಿ ಗೂಗಲ್ ತನ್ನ ಲೆಕ್ಕಾಚಾರ ಬದಲಿಸಿ, ಹುಡುಕುವ ಪದವನ್ನೇ ಹೆಸರಾಗಿಸಿಕೊಂಡ ಕಳಪೆ ತಾಣಗಳನ್ನು ಕೆಳಗೆ ತಳ್ಳಿತು. ಇಂದಿಗೂ ಮಾರುವವರು “ಸರ್ಚ್‌ನಲ್ಲಿ ಮೇಲೆ ಬರುತ್ತೆ” ಎಂದೇ ಹೇಳುತ್ತಾರೆ. ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಮೂರನೆಯದು ನಿಜವಾದ ಕಾರಣ. ಅದಕ್ಕೆ ಜರ್ಮನಿಗೆ ಹೋಗಬೇಕು.

ಜರ್ಮನರ ಗೆರೆ, ನಮ್ಮ ಗೆರೆ

ಜರ್ಮನ್ ಭಾಷೆಯಲ್ಲಿ ಒಂದೇ ಅಕ್ಷರವನ್ನು ಪದಕ್ಕೆ ಸೇರಿಸುವಾಗ ನಡುವೆ ಗೆರೆ ಹಾಕಲೇಬೇಕು, ಅದು ಕಾಗುಣಿತದ ನಿಯಮ. ನೆಲದಡಿಯ ರೈಲು ಯು-ಬಾನ್, ನಗರದ ಉಪನಗರ ರೈಲು ಎಸ್-ಬಾನ್, ಹಾಗೆಯೇ ಇ-ಮೇಲ್, ಟಿ-ಶರ್ಟ್. ಶಾಲೆಯ ಮಗು ಕೂಡ ಗೆರೆ ಹಾಕಿಯೇ ಬರೆಯುತ್ತದೆ. ಡಾಯ್ಚ ಟೆಲಿಕಾಮ್ ತನ್ನ ಇಂಟರ್‌ನೆಟ್ ಸೇವೆಗೆ ಟಿ-ಆನ್‌ಲೈನ್, ಮೊಬೈಲ್ ಸೇವೆಗೆ ಟಿ-ಮೊಬೈಲ್ ಎಂದು ಹೆಸರಿಟ್ಟಾಗ ಗೆರೆ ಹೆಸರಿನ ಭಾಗವೇ ಆಗಿತ್ತು. ಲಕ್ಷಾಂತರ ಜರ್ಮನರ ಇಮೇಲ್ ವಿಳಾಸದಲ್ಲೇ ಆ ಗೆರೆ ಕೂತಿತು. ಬಾಡನ್-ಬಾಡನ್ ಎಂಬ ಊರಿದೆ, ಬಾಡನ್-ವ್ಯುರ್ಟೆಂಬರ್ಗ್ ಎಂಬ ರಾಜ್ಯವಿದೆ. ಎರಡರ ಅಧಿಕೃತ ತಾಣಗಳೂ ಗೆರೆ ಸಮೇತ ಜರ್ಮನಿಯ ಡಾಟ್ ಡಿಇ ವಿಳಾಸದಲ್ಲಿವೆ. ಇದಲ್ಲದೆ ಜರ್ಮನ್ ಸಮಾಸಗಳು ಉದ್ದುದ್ದ. ಆರೋಗ್ಯ ವಿಮೆ ಎಂಬುದಕ್ಕೆ ಅವರು ಬರೆಯುವ ಒಂದೇ ಪದದಲ್ಲಿ 19 ಅಕ್ಷರಗಳಿವೆ. ಅಂಥ ಎರಡು ಪದ ಅಂಟಿಕೊಂಡರೆ ಕಣ್ಣಿಗೆ ತಡೆಗಂಬ ಬೇಕಾಗುತ್ತದೆ. ಹೀಗಾಗಿ ಡಾಟ್ ಡಿಇ ಲೋಕದಲ್ಲಿ ಗೆರೆಯ ಹೆಸರು ಎರಡನೇ ದರ್ಜೆಯದು ಅನ್ನಿಸಿಕೊಳ್ಳಲಿಲ್ಲ. ಅಲ್ಲಿ ಚಿಕ್ಕ ಹೆಸರಿಗೆ ಇನ್ನೊಂದು ಕೊರತೆಯೂ ಇತ್ತು: ಒಂದಕ್ಷರ, ಎರಡಕ್ಷರದ ಹೆಸರುಗಳನ್ನು ನೋಂದಣಿ ಸಂಸ್ಥೆ ಡೆನಿಕ್ 2009ರ ಅಕ್ಟೋಬರ್ 23ರವರೆಗೆ ಸಾರ್ವಜನಿಕರಿಗೆ ತೆರೆದಿರಲಿಲ್ಲ. ಫೋಕ್ಸ್‌ವಾಗನ್ ಕಾರು ಕಂಪನಿ ತನ್ನ ವಿ, ಡಬ್ಲ್ಯು ಎಂಬ ಎರಡಕ್ಷರಕ್ಕಾಗಿ ಕೋರ್ಟಿಗೆ ಹೋದ ಮೇಲೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಅಕ್ಷರ, ಗೆರೆ, ಅಕ್ಷರ ಎಂಬುದೇ ಜರ್ಮನಿಯಲ್ಲಿ ಸಿಗಬಹುದಾದ ಅತಿ ಚಿಕ್ಕ ಹೆಸರುಗಳ ಸಾಲಿನಲ್ಲಿತ್ತು. ಡೊಮೇನ್ ಮರುಮಾರಾಟದ ದೊಡ್ಡ ಸಂತೆಗಳಲ್ಲಿ ಒಂದಾದ ಸೇಡೋ ಹುಟ್ಟಿದ್ದು ಕಲೋನ್ ನಗರದಲ್ಲಿ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಗೆರೆಯ ಹೆಸರಿಗೆ ಗಿರಾಕಿ ಎಲ್ಲಿದ್ದಾನೆಂದು ತಿಳಿಯುತ್ತದೆ.

ಅಲ್ಲೂ ಗಾಳಿ ಬದಲಾಗುತ್ತಿದೆ. ಬರ್ಲಿನ್ನಿನ ಎಸ್-ಬಾನ್ ರೈಲಿನ ತಾಣ ಮೊದಲು ಎರಡೆರಡು ಗೆರೆಯಿದ್ದ ಡಾಟ್ ಡಿಇ ವಿಳಾಸದಲ್ಲಿತ್ತು. ಈಗ ಒಂದೂ ಗೆರೆಯಿಲ್ಲದೆ, ಚುಕ್ಕಿಯ ನಂತರ ಬರ್ಲಿನ್ ಎಂಬ ಊರಿನ ಹೆಸರನ್ನೇ ಇಟ್ಟುಕೊಂಡಿದೆ.

ಕನ್ನಡದ ವಿಷಯ ಬೇರೆ. ನಾವು ಗೆರೆ ಹಾಕುವುದು ಜೋಡುನುಡಿಗೆ: ಊಟ-ತಿಂಡಿ, ಗಿಡ-ಮರ, ಮನೆ-ಮಠ, ತಂದೆ-ತಾಯಿ. ಸಮಾಸಕ್ಕೆ ಹಾಕುವುದಿಲ್ಲ, ಅಲ್ಲಿ ಸಂಧಿ ಮಾಡಿ ಬೆಸೆದುಬಿಡುತ್ತೇವೆ. ಅಕ್ಕನ ರೊಟ್ಟಿ ಅಂಗಡಿಯ ಹೆಸರು ಸಮಾಸ. ಬಾಯಲ್ಲಿ ಒಂದೇ ಉಸಿರಿಗೆ ಬರುವ ಹೆಸರನ್ನು ನಾವು ಗೆರೆ ಹಾಕಿ ಸೀಳಿದ್ದೆವು. ಕೇಳಿದವರಿಗೆ ಗೆರೆ ನೆನಪಾಗದಿದ್ದರೆ ಅದು ಅವರ ತಪ್ಪಲ್ಲ. ಬದಲಿಗೆ ‘ಊಟ-ತಿಂಡಿ’ ಎಂಬ ಹೆಸರಿನ ಹೋಟೆಲಾಗಿದ್ದರೆ ಬೋರ್ಡಿನಲ್ಲಿ ಗೆರೆ ಸಹಜವಾಗಿ ಕಾಣುತ್ತಿತ್ತು. ಆದರೂ ಆಡುವಾಗ ಜೋಡುನುಡಿಯಲ್ಲೂ ಗೆರೆಯನ್ನು ಯಾರೂ ಉಚ್ಚರಿಸುವುದಿಲ್ಲ.

ನಾಲ್ಕು ದಾರಿ, ಒಂದೊಂದರ ಗುಣ

ನಿಮ್ಮ ಅಂಗಡಿಗೋ ಸಂಸ್ಥೆಗೋ ಹೆಸರು ಬೇಕು. ಬಯಸಿದ ಡಾಟ್ ಕಾಮ್ ಹೋಗಿಬಿಟ್ಟಿದೆ. ಆಗ ಮುಂದಿರುವ ದಾರಿಗಳು: ಚಿಕ್ಕದಾದ ಗೆರೆಯ ಹೆಸರನ್ನು ಮರುಮಾರಾಟದಲ್ಲಿ ಕೊಳ್ಳುವುದು, ಬಯಸಿದ ಹೆಸರಿಗೇ ಗೆರೆ ಹಾಕಿ ಹೊಸದಾಗಿ ನೋಂದಾಯಿಸುವುದು, ಗೆರೆಯಿಲ್ಲದೆ ಇನ್ನೊಂದು ಪದ ಸೇರಿಸಿ ಉದ್ದ ಮಾಡುವುದು, ಅದೇ ಹೆಸರನ್ನು ಡಾಟ್ ಇನ್ ಅಥವಾ ಬೇರೆ ಬಾಲದಲ್ಲಿ ಹಿಡಿಯುವುದು.

ಮೊದಲನೆಯ ದಾರಿ ಹಿಡಿಯುವವರು ಒಂದು ಪರೀಕ್ಷೆ ಮಾಡಿ. ನೀವು ಹೇಳಿಕೊಡದೆ, ಪತ್ರಿಕೆಯವರೋ ಬೋರ್ಡ್ ಬರೆಯುವವರೋ ಆ ಹೆಸರನ್ನು ಗೆರೆ ಹಾಕಿ ಬರೆಯುತ್ತಾರೆಯೇ? ಟಿ-ಶರ್ಟ್, ಎಕ್ಸ್-ರೇ, ಇ-ಬೈಕ್, ಕೆ-ಪಾಪ್. ಇವುಗಳಲ್ಲಿ ಗೆರೆ ಪದದ್ದೇ. ಟಿ-ಶರ್ಟ್ ಮುದ್ರಿಸುವವರು, ಎಕ್ಸ್-ರೇ ಯಂತ್ರ ಮಾರುವವರು ಇಂಥ ಹೆಸರಿಗೆ ಹೆಚ್ಚು ದುಡ್ಡು ಕೊಟ್ಟರೆ ಅದರಲ್ಲಿ ತೂಕವಿದೆ, ಏಕೆಂದರೆ ಗಿರಾಕಿ ತಾನಾಗಿಯೇ ಗೆರೆ ಒತ್ತುತ್ತಾನೆ. ಕಂಪನಿಯ ಹೆಸರೇ ಹಾಗಿದ್ದರೂ ಸರಿ: ನಮ್ಮ ಮನೆಮನೆಯ ವೈಫೈ ಪೆಟ್ಟಿಗೆಯ ಟಿಪಿ-ಲಿಂಕ್, ಕೋಕಾ-ಕೋಲಾ, ಮರ್ಸಿಡಿಸ್-ಬೆಂಜ್, ರೋಲ್ಸ್-ರಾಯ್ಸ್, ಎಲ್ಲವೂ ಗೆರೆಯ ವಿಳಾಸದಲ್ಲೇ ಇವೆ. ಇನ್ನೊಂದು ಸಂದರ್ಭವೂ ಉಂಟು. ಪದಗಳು ಅಂಟಿಕೊಂಡಾಗ ಅಸಭ್ಯವಾಗಿ ಓದಿಸಿಕೊಳ್ಳುವಂತಿದ್ದರೆ ಗೆರೆ ಮಾನ ಕಾಯುತ್ತದೆ. ಅಮೆರಿಕದ ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಎಂಬ ತಂತ್ರಜ್ಞರ ತಾಣ ಗೆರೆಯಿಲ್ಲದ ಹೆಸರಿನಲ್ಲಿ ಶುರುವಾಗಿ, ಜನ ಅದನ್ನು ಬೇರೆ ಕಡೆ ಒಡೆದು ಓದತೊಡಗಿದ ಮೇಲೆ ಗೆರೆ ಹಾಕಿಕೊಂಡಿತು. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮೇಲೆ ನಾಲ್ಕಾರು ಜನರಿಗೆ ತೋರಿಸಿ ಜೋರಾಗಿ ಓದಿಸಿ ನೋಡುವುದು ಅದಕ್ಕೇ ಒಳ್ಳೆಯದು.

ಅರ್ಥವಿಲ್ಲದ ಎರಡಕ್ಷರ ಮತ್ತು ಗೆರೆಯನ್ನು ಅಪರೂಪ ಎಂಬ ಒಂದೇ ಕಾರಣಕ್ಕೆ ಕೊಳ್ಳುವುದಾದರೆ ಅದು ಅಂಗಡಿಯ ಹೆಸರಾಗುವುದಿಲ್ಲ, ಹೂಡಿಕೆಯಾಗುತ್ತದೆ. 2015ರಲ್ಲಿ ಚೀನಾದ ಹೂಡಿಕೆದಾರರು ಚಿಕ್ಕ ಹೆಸರುಗಳ ಮೇಲೆ ಮುಗಿಬಿದ್ದು ಬೆಲೆ ಹಾರಿಸಿದರು, ಮರುವರ್ಷ ಅದು ಇಳಿಯಿತು. ಆಗ ಅವರು ಬಯಸಿದ್ದು ಅಂಕಿಗಳನ್ನು ಮತ್ತು ಸ್ವರಗಳಿಲ್ಲದ ಅಕ್ಷರಗಳನ್ನು; ಗೆರೆಯ ಹೆಸರು ಆ ಬುಟ್ಟಿಗೆ ಬೀಳಲಿಲ್ಲ. ನಾಳೆ ಮಾರಲು ಹೊರಟಾಗ ನಿಮಗೂ ಒಬ್ಬನೇ ಗಿರಾಕಿ, ಅವನು ಬರುವ ದಿನ ಗೊತ್ತಿಲ್ಲ. ಮಕ್ಕಳ ಫೀಸಿಗೆಂದು ಕೂಡಿಟ್ಟ ದುಡ್ಡನ್ನು ಇದರ ಮೇಲೆ ಹಾಕಬೇಡಿ.

ಎರಡನೆಯ ದಾರಿ ನಾವು ಹಿಡಿದದ್ದು. ಅಗ್ಗ, ತಕ್ಷಣ ಸಿಗುತ್ತದೆ. ಹಿಡಿಯುವ ಮೊದಲು ಗೆರೆಯಿಲ್ಲದ ಹೆಸರಿನ ಬಾಗಿಲು ತಟ್ಟಿ ನೋಡಿ, ನಾನು ತಟ್ಟಿರಲಿಲ್ಲ. ಅಲ್ಲಿ ನಿಮ್ಮದೇ ವ್ಯಾಪಾರದವರಿದ್ದರೆ ಆ ಹೆಸರನ್ನು ಅಲ್ಲಿಗೇ ಬಿಟ್ಟುಬಿಡಿ. ನೀವು ಹಂಚಿದ ಪ್ರತಿ ಕರಪತ್ರವೂ ಅವರಿಗೆ ಗಿರಾಕಿ ಕಳಿಸುತ್ತದೆ. ಬೇರೆ ದೇಶದ, ಸಂಬಂಧವೇ ಇಲ್ಲದ ಕಂಪನಿ ಇದ್ದರೆ ಅಷ್ಟು ಅಪಾಯವಿಲ್ಲ, ಆದರೆ ಇಮೇಲ್ ದಾರಿ ತಪ್ಪುವುದು ನಿಲ್ಲುವುದಿಲ್ಲ. ಬಿಲ್ಲು, ಆಧಾರ್ ಪ್ರತಿ, ಬ್ಯಾಂಕ್ ವಿವರ ಎಲ್ಲವೂ ಅಪರಿಚಿತರ ಪೆಟ್ಟಿಗೆಗೆ ಹೋಗಬಹುದು. “ಮಾರಾಟಕ್ಕಿದೆ” ಎಂಬ ಫಲಕ ತೂಗುತ್ತಿದ್ದರೆ ಅದರ ಬೆಲೆ ಕೇಳಿ. ಗೆರೆಯ ಹೆಸರಿನಲ್ಲಿ ವ್ಯಾಪಾರ ಬೆಳೆದ ಮೇಲೆ ಕೇಳಿದರೆ ಬೆಲೆಯೂ ಬೆಳೆದಿರುತ್ತದೆ, ನೀವೇ ಬೆಳೆಸಿರುತ್ತೀರಿ.

ಗೆರೆಯ ತೊಂದರೆ ಕಿವಿಯದು ಮಾತ್ರವಲ್ಲ, ಬೆರಳಿನದೂ ಹೌದು. ಫೋನಿನ ಕೀಲಿಮಣೆಯಲ್ಲಿ ಅಕ್ಷರಗಳ ಪುಟದಲ್ಲಿ ಗೆರೆ ಇಲ್ಲ. ಅಂಕಿಗಳ ಪುಟಕ್ಕೆ ಹೋಗಬೇಕು. ಅಲ್ಲಿ ಗೂಗಲ್ ಕೀಲಿಮಣೆಯಲ್ಲಿ ತಳಗೆರೆಯೂ ನಡುಗೆರೆಯೂ ಒಂದೇ ಸಾಲಿನಲ್ಲಿ, ನಡುವೆ ಒಂದೇ ಒಂದು ಚಿಹ್ನೆ ಬಿಟ್ಟು ಕೂತಿವೆ. ಅಕ್ಕ “ತಳಕ್ಕ ಅಲ್ರೀ” ಎಂದದ್ದು ಅದಕ್ಕೇ. ಮುದ್ರಣದಲ್ಲಿ ಇನ್ನೊಂದು ಪೇಚು: ಕರಪತ್ರದಲ್ಲಿ ಹೆಸರು ಸಾಲಿನ ಕೊನೆಗೆ ಬಂದು ಗೆರೆಯಲ್ಲಿ ಮುರಿದರೆ, ಅದು ಪದ ಒಡೆಯಲು ಹಾಕಿದ ಗೆರೆಯೋ ಹೆಸರಿನದೋ ತಿಳಿಯುವುದಿಲ್ಲ. ಡಿಟಿಪಿ ಮಾಡುವವರು ಚಂದ ಕಾಣಲೆಂದು ಉದ್ದ ಗೆರೆ ಹಾಕಿಬಿಟ್ಟರೆ, ಆ ಫೈಲಿನಿಂದ ನಕಲಿಸಿದ ವಿಳಾಸ ತೆರೆಯುವುದೇ ಇಲ್ಲ. ಡೊಮೇನಿಗೆ ಒಪ್ಪುವುದು ಕೀಲಿಮಣೆಯ ಮೈನಸ್ ಗೆರೆ ಒಂದೇ. ಫ್ಲೆಕ್ಸ್ ಹಾಕಿಸುವ ಮುನ್ನ ಪ್ರೂಫಿನಲ್ಲಿ ಇದನ್ನು ನೋಡಿಕೊಳ್ಳಿ.

ಹಾಗಂತ ಎರಡನೆಯ ದಾರಿ ಯಾರಿಗೂ ಬೇಡವೆಂದಲ್ಲ. ನಿಮ್ಮ ಗಿರಾಕಿಗಳೆಲ್ಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ವಾಟ್ಸಾಪಿನ ಲಿಂಕ್ ಒತ್ತಿ, ಇನ್‌ಸ್ಟಾಗ್ರಾಮಿನಿಂದ ಬರುವವರಾದರೆ ಅವರು ಗೆರೆಯನ್ನು ಕೇಳುವುದೂ ಇಲ್ಲ, ಒತ್ತುವುದೂ ಇಲ್ಲ. ಅಂಥವರಿಗೆ ಸಾವಿರ ರೂಪಾಯಿಯ ಗೆರೆಯ ಹೆಸರು ಸಾಕು. ಇಮೇಲ್ ವಿಳಾಸಕ್ಕೆ ಮಾತ್ರ ಗೆರೆಯಿಲ್ಲದ ಇನ್ನೊಂದು ಹೆಸರು ಇಟ್ಟುಕೊಳ್ಳಿ. ಆಕಾಶವಾಣಿಯಲ್ಲಿ ಜಾಹೀರಾತು ಕೊಡುವವರು, ಆಟೋ ಹಿಂದೆ ಬರೆಸುವವರು, ಜಾತ್ರೆಯಲ್ಲಿ ಮೈಕಿನಲ್ಲಿ ಕೂಗಿಸುವವರು ಗೆರೆಯ ತಂಟೆಗೆ ಹೋಗಬಾರದು.

ಮೂರನೆಯ ದಾರಿಯಲ್ಲಿ ಹೆಸರು ಉದ್ದವಾಗುತ್ತದೆ, ಆದರೆ ಬಾಯಲ್ಲಿ ಹೇಳಬಹುದು. ಊರಿನ ಹೆಸರು ಸೇರಿಸುವುದು ಒಳ್ಳೆಯ ಉಪಾಯ: ರೊಟ್ಟಿಯ ಜೊತೆ ಹುಬ್ಬಳ್ಳಿ, ಪೇಡೆಯ ಜೊತೆ ಧಾರವಾಡ ಎಂದರೆ ಉದ್ದವೇ ಹೆಸರಿನ ಬಲ. ನಾಲ್ಕು ಅಕ್ಷರ ಉಳಿಸಲು ಲಕ್ಷ ರೂಪಾಯಿ ಕೊಡುವುದಕ್ಕಿಂತ ಇದು ಮೇಲು ಎಂಬುದು ನನ್ನ ಅನುಭವ. ಕನ್ನಡದವರಿಗೆ ಗೆರೆಗಿಂತ ದೊಡ್ಡ ತಲೆನೋವು ಸ್ಪೆಲ್ಲಿಂಗಿನದು. ಊಟ ಎಂಬುದಕ್ಕೆ ಕೆಲವರು ಎರಡು ಓ ಹಾಕುತ್ತಾರೆ, ಕೆಲವರು ಒಂದು ಯು. ತಾಯಿಯ ತಕಾರಕ್ಕೆ ನಾವು ಟಿ ಜೊತೆ ಹೆಚ್ ಬರೆಯುತ್ತೇವೆ, ಮುಂಬೈಯವರು ಬರೀ ಟಿ ಬರೆಯುತ್ತಾರೆ. ಜ್ಞಾನ ಎಂದರಂತೂ ಮೂರು ಜನ ಮೂರು ಬಗೆ. ಒಂದು ಹೆಸರಿಗೆ ಎರಡು ಸ್ಪೆಲ್ಲಿಂಗ್ ಸಾಧ್ಯವಿದ್ದರೆ ಎರಡನ್ನೂ ನೋಂದಾಯಿಸಿ ಒಂದರಿಂದ ಇನ್ನೊಂದಕ್ಕೆ ತಿರುಗಿಸಿ. ಗೆರೆಯ ಹೆಸರಿಗೆ ಮರುಮಾರಾಟದಲ್ಲಿ ಸುರಿಯುವ ದುಡ್ಡಿನ ಒಂದು ಚೂರಿನಲ್ಲಿ ಈ ಕೆಲಸ ಮುಗಿಯುತ್ತದೆ.

ನಾಲ್ಕನೆಯ ದಾರಿ ಬಾಲ ಬದಲಿಸುವುದು. ನಮ್ಮ ದೇಶದೊಳಗಿನ ವ್ಯಾಪಾರಕ್ಕೆ ಡಾಟ್ ಇನ್ ಸಾಕಷ್ಟು ನಂಬಿಕೆ ಗಳಿಸಿದೆ. 2005ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಬಾಲ ಡಾಟ್ ಕಾಮ್ ಆಗದಿದ್ದರೆ ಜನ ಬರುವುದಿಲ್ಲ ಎಂಬ ಭಯ ಬೇಡ. ಪ್ರಜಾವಾಣಿಯನ್ನು ಕನ್ನಡಿಗರು ಇಷ್ಟು ಕಾಲ ಡಾಟ್ ನೆಟ್‌ನಲ್ಲೇ ಓದಿಕೊಂಡು ಬಂದಿದ್ದಾರೆ. 2013ರ ಕೊನೆಯಿಂದ ಬಂದ ಹೊಸ ಬಾಲಗಳಲ್ಲಿ, ಅಂದರೆ ಅಂಗಡಿ, ಆನ್‌ಲೈನ್ ಎಂಬರ್ಥದವುಗಳಲ್ಲಿ, ಒಂದು ಎಚ್ಚರ ಬೇಕು. ಚಿಕ್ಕ ಹೆಸರುಗಳನ್ನು ಅಲ್ಲಿ ಪ್ರೀಮಿಯಂ ಎಂದು ಬೇರೆ ಇಡುತ್ತಾರೆ. ಕೆಲವಕ್ಕೆ ಮೊದಲ ವರ್ಷ ಮಾತ್ರವಲ್ಲ, ಪ್ರತಿ ವರ್ಷದ ನವೀಕರಣಕ್ಕೂ ದೊಡ್ಡ ಮೊತ್ತ. ಮೊದಲ ವರ್ಷದ ರಿಯಾಯಿತಿ ಬಿಟ್ಟು ಎರಡನೇ ವರ್ಷದ ದರ ಓದಿ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಬಾಲವಿದೆ, ಡಾಟ್ ಇನ್ ನಡೆಸುವ ನಿಕ್ಸಿ ಸಂಸ್ಥೆಯದೇ. ಊಟಕ್ಕೆ ಎಷ್ಟು ಓ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಒಳಗಡೆ ಕಂಪ್ಯೂಟರು ಕನ್ನಡ ಹೆಸರನ್ನು ಎಕ್ಸ್, ಎನ್, ಅದರ ಮುಂದೆ ಎರಡು ಅಡ್ಡಗೆರೆ, ಆಮೇಲೆ ಒಂದಷ್ಟು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಜಗತ್ತಿನ ಎಲ್ಲ ಇಂಗ್ಲಿಷೇತರ ಲಿಪಿಯ ಹೆಸರುಗಳೂ ಹೀಗೆ ಎರಡು ಗೆರೆಯ ಮೇಲೆ ನಿಂತಿವೆ. ಮೂರನೇ ಮತ್ತು ನಾಲ್ಕನೇ ಜಾಗದಲ್ಲಿ ಜೋಡಿ ಗೆರೆ ಬೇರೆಯವರಿಗೆ ಸಿಗದಂತೆ ಕಾಯ್ದಿಟ್ಟಿರುವುದು ಇದಕ್ಕಾಗಿ. ಇದರ ತೊಡಕು ಇಷ್ಟೇ: ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಎಷ್ಟೋ ಅರ್ಜಿ ನಮೂನೆಗಳು ಇನ್ನೂ ಒಪ್ಪುವುದಿಲ್ಲ. ಬೋರ್ಡಿಗೆ, ಎರಡನೇ ವಿಳಾಸವಾಗಿ, ಮನಸಾರೆ ಸೂಚಿಸುತ್ತೇನೆ.

ದೊಡ್ಡ ಹೆಸರಿಗೆ ಗೆರೆ ಹಾಕಿ ಮಾರುವ ಆಸೆ

ಹೆಸರಾಂತ ಕಂಪನಿಯ ಹೆಸರಿಗೆ ಒಂದು ಗೆರೆ ಸೇರಿಸಿ ನೋಂದಾಯಿಸಿ, ಅವರಿಗೇ ಮಾರೋಣ ಎಂದು ಕೇಳಿಕೊಂಡು ಬರುವ ಹುಡುಗರಿದ್ದಾರೆ. ಬೇಡಪ್ಪ ಎಂದೇ ಹೇಳುತ್ತೇನೆ. 1999ರಿಂದ ಇರುವ ಯುಡಿಆರ್‌ಪಿ ಎಂಬ ಅಂತರರಾಷ್ಟ್ರೀಯ ವಿವಾದ ನಿಯಮದಡಿ, ಗೆರೆ ಸೇರಿಸಿದ ಮಾತ್ರಕ್ಕೆ ಹೆಸರು ಬೇರೆಯಾಯಿತೆಂದು ತೀರ್ಪುಗಾರರು ಒಪ್ಪುವುದಿಲ್ಲ. ಕೆಟ್ಟ ಉದ್ದೇಶದಿಂದ ನೋಂದಾಯಿಸಿದ್ದು ಎಂದಾದರೆ ಹೆಸರು ಕೈತಪ್ಪುತ್ತದೆ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದ ಮುಂದೆ ಒಬ್ಬ ತೀರ್ಪುಗಾರರ ದೂರಿಗೆ ಶುಲ್ಕ 1,500 ಡಾಲರ್. ದೊಡ್ಡ ಕಂಪನಿಗೆ ಅದು ನಿಮ್ಮೊಡನೆ ಚೌಕಾಸಿ ಮಾಡುವುದಕ್ಕಿಂತ ಅಗ್ಗ. ಡಾಟ್ ಇನ್‌ಗೂ ಇಂಥದೇ ನಿಯಮವಿದೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಗಟ್ಟಿ ಅಡಿಪಾಯ ಹಾಕಿದ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ತನ್ನ ಹೆಸರಿನ ತುಣುಕುಗಳಿಂದ ಸಿಫಿ ಎಂಬ ಪದ ಕಟ್ಟಿಕೊಂಡಿತ್ತು. ಇನ್ನೊಂದು ಕಂಪನಿ ಒಂದು ಎಫ್ ಹೆಚ್ಚಿಗೆ ಸೇರಿಸಿದ ಹೆಸರಿನಲ್ಲಿ ತಾಣ ತೆರೆಯಿತು. ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆಗೆಯಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಇನ್ಫೋವೇ ಪರವಾಗಿ ತೀರ್ಪು ಕೊಟ್ಟು, ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಸಲ್ಲುತ್ತದೆ ಎಂದಿತು. ಒಂದಕ್ಷರಕ್ಕೆ ಹೀಗಾದರೆ, ಬಾಯಲ್ಲಿ ಉಚ್ಚರಿಸದ ಗೆರೆಗೆ ಏನಾದೀತು ಎಂದು ನೀವೇ ಊಹಿಸಿ. ಕೊಳ್ಳುವವರೂ ಇದನ್ನು ಮರೆಯಬಾರದು: ದುಬಾರಿ ಗೆರೆಯ ಹೆಸರು ಯಾರದಾದರೂ ಟ್ರೇಡ್‌ಮಾರ್ಕನ್ನು ಹೋಲುತ್ತಿದ್ದರೆ, ಕೊಟ್ಟ ದುಡ್ಡಿನ ಜೊತೆ ಹೆಸರೂ ಹೋಗುತ್ತದೆ.

ದುಡ್ಡು ಕೊಡುವ ಮುಂಚೆ

ಹೆಸರಿನ ಹಿಂದಿನ ಬಾಳು ನೋಡಿ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಆ ವಿಳಾಸ ಹಾಕಿದರೆ ಹಳೆಯ ಪುಟಗಳು ಕಾಣುತ್ತವೆ. ಜೂಜಿನ ತಾಣವೋ ನಕಲಿ ಔಷಧದ ಅಂಗಡಿಯೋ ನಡೆದಿದ್ದರೆ, ನಿಮ್ಮ ಮೊದಲ ಇಮೇಲೇ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಬಹುದು. ಗೆರೆಯ ಹೆಸರುಗಳಲ್ಲಿ ಇಂಥ ಗತಕಾಲ ಹೆಚ್ಚು, ಏಕೆಂದರೆ ಸರ್ಚಿಗಾಗಿ ರಾಶಿ ಹಾಕಿದ ಕಾಲದಲ್ಲಿ ಅವು ಅಗ್ಗವಾಗಿ ಸಿಗುತ್ತಿದ್ದವು.

ಅವಧಿ ಮುಗಿದ ಹೆಸರು ತಾನಾಗಿ ಬಿಡುಗಡೆಯಾಗುವ ದಾರಿಯೂ ಇದೆ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ಹಳೆಯ ಮಾಲೀಕರಿಗೆ 45 ದಿನಗಳವರೆಗೆ ನವೀಕರಣದ ಅವಕಾಶ ಇರಬಹುದು, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಅಳಿಸುವ 5 ದಿನ. ಒಳ್ಳೆಯ ಹೆಸರಾದರೆ ಅಷ್ಟು ದೂರ ಬರುವುದಿಲ್ಲ, ನಡುವೆಯೇ ಹರಾಜಿಗೆ ಹೋಗುತ್ತದೆ. ಯಾರೂ ಕಣ್ಣಿಡದ, ನಿಮ್ಮ ಊರಿನ ಹೆಸರುಳ್ಳದ್ದಾದರೆ ಕಾದು ನೋಡಬಹುದು.

ಬೇಡದ ಇಮೇಲುಗಳ ಬಗ್ಗೆಯೂ ಹೇಳಬೇಕು. “ನಿಮ್ಮ ಗೆರೆಯ ಹೆಸರಿಗೆ ದೊಡ್ಡ ಗಿರಾಕಿ ಇದ್ದಾನೆ, ಮೊದಲು ಮೌಲ್ಯಮಾಪನ ಪತ್ರ ಮಾಡಿಸಿ ಕಳಿಸಿ” ಎಂದು ಬಂದರೆ ಅದು ಆ ಪತ್ರದ ಶುಲ್ಕ ಕೀಳುವ ಮೋಸ. ನನಗೂ ಬಂದಿದೆ, ಅಕ್ಕನಿಗೂ ಬಂದಿತ್ತು. “ಎಂಟು ಸಾವ್ರ ಡಾಲರ್ ಅಂತ್ರೀ, ಕೊಟ್ಟಬಿಡೂಣೇನು?” ಎಂದು ಅವರು ಖುಷಿಯಿಂದ ಕೇಳಿದಾಗ ಬೇಡವೆನ್ನಲು ನನಗೆ ಕಷ್ಟವಾಯಿತು.

ವ್ಯವಹಾರ ಕುದುರಿದರೆ ದುಡ್ಡನ್ನು ನೇರವಾಗಿ ಕಳಿಸಬೇಡಿ. ಎಸ್ಕ್ರೋ ಸೇವೆಯಲ್ಲಿ ದುಡ್ಡು ಮೂರನೆಯವರ ಬಳಿ ಇರುತ್ತದೆ. ಹೆಸರು ನಿಮ್ಮ ಖಾತೆಗೆ ಬಂದು ನೀವು ಸರಿ ಎಂದ ಮೇಲೆ ಮಾರಿದವರಿಗೆ ಸಲ್ಲುತ್ತದೆ. ಎಸ್ಕ್ರೋ ತಾಣದ ವಿಳಾಸವನ್ನು ಮಾರುವವರು ಕಳಿಸಿದ ಲಿಂಕಿನಿಂದ ತೆರೆಯದೆ ನೀವೇ ಒತ್ತಿ ತೆರೆಯಿರಿ. ಇತ್ತೀಚೆಗೆ ನೋಂದಣಿಯಾದ ಹೆಸರಾದರೆ 60 ದಿನ ಬೇರೆ ಕಂಪನಿಗೆ ವರ್ಗಾಯಿಸಲು ಬರುವುದಿಲ್ಲ. ಅದೇ ಕಂಪನಿಯಲ್ಲಿ ಖಾತೆ ತೆರೆದರೆ ಒಳಗೊಳಗೇ ವರ್ಗ ಮಾಡಿಸಿಕೊಳ್ಳಬಹುದು. ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲೇ ಇರಲಿ, ವೆಬ್‌ಸೈಟ್ ಮಾಡಿಕೊಡುವ ನನ್ನಂಥವರ ಹೆಸರಿನಲ್ಲಿ ಬೇಡ.

ಅಕ್ಕ ಈಗ ಊರಿನ ಹೆಸರು ಸೇರಿಸಿದ, ಗೆರೆಯಿಲ್ಲದ ಡಾಟ್ ಇನ್ ಹೆಸರಿನಲ್ಲಿದ್ದಾರೆ. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದೇವೆ. ಹಳೆಯ ಗೆರೆಯ ಹೆಸರನ್ನು ಬಿಟ್ಟಿಲ್ಲ. ಹಳೆಯ ರೊಟ್ಟಿ ಪೊಟ್ಟಣಗಳ ಮೇಲೆ ಅದು ಅಚ್ಚಾಗಿದೆ, ಒತ್ತಿದವರು ಹೊಸ ತಾಣಕ್ಕೇ ಬಂದು ಸೇರುತ್ತಾರೆ.